ಮೈಸೂರಲ್ಲಿ ಒಂದೇ ದಿನ, ಎಲ್ಲೆಲ್ಲಿ ತಿನ್ನೋದು?

ಬೆಳಗ್ಗೆ ರೈಲಿಳಿದು ರಾತ್ರಿ ವಾಪಸ್, ಜೊತೆಗೆ ವಯಸ್ಸಾದ ತಾಯಿ, ಎಲ್ಲಿ ತಿನ್ನೋದು ಅಂತ ಕೇಳಿದ್ದೀರಿ. ಬೆಳಗಿನ ದೋಸೆಗೆ ಸ್ಟೇಷನ್ನಿಂದ ಆಟೊದಲ್ಲಿ ನೇರ ನಜರ್‌ಬಾದಿಗೆ ಹೋಗಿ. ಅಲ್ಲಿ ಮೈಲಾರಿ ಹೆಸರಿನ ಹೋಟೆಲ್ ಒಂದಕ್ಕಿಂತ ಹೆಚ್ಚಿವೆ. 'ಅಸಲಿ ಯಾವುದು' ಅಂತ ತಲೆ ಕೆಡಿಸಿಕೊಳ್ಳಬೇಡಿ, ಸಾಲು ಚಿಕ್ಕದಿರುವ ಕಡೆ ಕೂತುಬಿಡಿ. ದೋಸೆ ಗರಿಗರಿ ಅಲ್ಲ, ಬಾಯಲ್ಲಿಟ್ಟರೆ ಕರಗೋಷ್ಟು ಮೆತ್ತಗೆ. ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕಕ್ಕೆ ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ, ಕೊಡಲ್ಲ. ಹಲ್ಲಿನ ತೊಂದರೆ ಇರೋ ತಾಯಿಗೂ ಸರಿಹೋಗುತ್ತೆ. ಗಾತ್ರ ಚಿಕ್ಕದು, ಒಬ್ಬರಿಗೆ ಎರಡು ಬೇಕು. ಎರಡನ್ನೂ ಒಟ್ಟಿಗೆ ಹೇಳಬೇಡಿ. ಆರಿದರೆ ಬೆಣ್ಣೆ ಗಟ್ಟಿಯಾಗಿ ರುಚಿ ಕೆಡುತ್ತೆ. ಭಾನುವಾರವಾದರೆ ಎಂಟರೊಳಗೆ ತಲುಪಿ.

ಮಧ್ಯಾಹ್ನ ಬಾಳೆಲೆ ಊಟಕ್ಕೆ ಗಾಂಧಿ ಚೌಕದ ಹೋಟೆಲ್ ಆರ್‌ಆರ್‌ಆರ್. ಆಂಧ್ರ ಶೈಲಿ, ಖಾರ ಜಾಸ್ತಿ. ತಾಯಿಗೆ ಮೊಸರು ಮೊದಲೇ ಹೇಳಿಡಿ. ಮಾಂಸ ತಿನ್ನುವವರಾದರೆ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಪಲಾವ್, ತಡವಾದರೆ ಖಾಲಿ.

ಮೈಸೂರು ಪಾಕ್ ದೇವರಾಜ ಮಾರ್ಕೆಟ್ ಹತ್ತಿರದ ಗುರು ಸ್ವೀಟ್ಸಲ್ಲಿ. ಬಿಸಿ ಕೊಟ್ಟರೆ ಡಬ್ಬಿ ಮುಚ್ಚಳ ಸ್ವಲ್ಪ ತೆರೆದಿಡಿ, ಪೂರ್ತಿ ಮುಚ್ಚಿದರೆ ಹಬೆ ನೀರಾಗಿ ಪಾಕ್ ಮೆತ್ತಗಾಗುತ್ತೆ. ಫ್ರಿಜ್ಜಿಗಂತೂ ಬೇಡ.