ಪ್ರೀಮಿಯಂ ನೋಡುವ ಮೊದಲು ಕೋಣೆ ಬಾಡಿಗೆಯ ಮಿತಿಯನ್ನು ನೋಡಿ

ಗಂಡ, ಹೆಂಡತಿ, ಮೂರು ವರ್ಷದ ಮಗು ಇರುವ ಕುಟುಂಬಕ್ಕೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿಯೊಳಗೆ ಸಿಗುವ ಅತ್ಯಂತ ಅಗ್ಗದ ಆರೋಗ್ಯ ವಿಮೆ ಯಾವುದು, ಊರಿನಲ್ಲಿರುವ ತಾಯಿಯವರನ್ನೂ ಅದೇ ಪಾಲಿಸಿಗೆ ಸೇರಿಸಬಹುದೇ ಎಂದು ಕೇಳಿದ್ದೀರಿ. 2015ರಲ್ಲಿ ನಾನೂ ಇದೇ ಪ್ರಶ್ನೆಯನ್ನು ಸಿಕ್ಕ ಸಿಕ್ಕವರಿಗೆಲ್ಲ ಕೇಳಿದ್ದೆ. ನನಗೆ ಉತ್ತರವೂ ಸಿಕ್ಕಿತ್ತು, ಅತ್ಯಂತ ಅಗ್ಗದ ಪಾಲಿಸಿಯೂ ಸಿಕ್ಕಿತ್ತು.

ನಾವು ಮೈಸೂರಿನವರು. ನನ್ನ ಪತಿ ಸಣ್ಣ ಫೋಟೋ ಸ್ಟುಡಿಯೋ ನಡೆಸುತ್ತಾರೆ, ನಾನು ಖಾಸಗಿ ಶಾಲೆಯೊಂದರ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆಗ ಮಗಳಿಗೆ ಎರಡು ವರ್ಷ. ಪರಿಚಯದ ಏಜೆಂಟರು ಎರಡು ಪಾಲಿಸಿಗಳ ವಿವರವನ್ನು ನನ್ನ ಮುಂದಿಟ್ಟರು: ಒಂದರ ಪ್ರೀಮಿಯಂ ವರ್ಷಕ್ಕೆ 5,900 ರೂಪಾಯಿ, ಇನ್ನೊಂದರದು 9,700. ಎರಡರಲ್ಲೂ ವಿಮಾ ಮೊತ್ತ, ಅಂದರೆ ಕಂಪನಿ ವರ್ಷಕ್ಕೆ ಹೆಚ್ಚೆಂದರೆ ಕೊಡುವ ಹಣ, 2 ಲಕ್ಷವೇ ಆಗಿತ್ತು, ಎರಡರ ಪಟ್ಟಿಯಲ್ಲೂ ನಮ್ಮ ಮನೆಗೆ ಹತ್ತಿರದ ಆಸ್ಪತ್ರೆ ಇತ್ತು. ಮೊತ್ತ ಒಂದೇ, ಆಸ್ಪತ್ರೆ ಒಂದೇ ಎಂದ ಮೇಲೆ 3,800 ರೂಪಾಯಿ ಹೆಚ್ಚಿಗೆ ಏಕೆ ಕೊಡಬೇಕು ಎಂದುಕೊಂಡು ಮೊದಲನೆಯದಕ್ಕೇ ಸಹಿ ಹಾಕಿದೆ. ಆ ವ್ಯತ್ಯಾಸ ಯಾವುದಕ್ಕೆ ಎಂದು ಒಂದು ಮಾತು ಕೇಳಿದ್ದರೆ ಏಜೆಂಟರು ಖಂಡಿತ ಹೇಳುತ್ತಿದ್ದರು, ಆದ್ದರಿಂದ ಅವರನ್ನು ನಾನು ದೂರುವುದಿಲ್ಲ.

2018ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಪತಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಇರಬೇಕೆಂದು ಮನೆಯಲ್ಲೇ ಒಂದು ದಿನ ಕಳೆದೆವು. ಆಸ್ಪತ್ರೆ ಸೇರುವ ಹೊತ್ತಿಗೆ ಅಪೆಂಡಿಕ್ಸ್ ಒಡೆದಿತ್ತು, ಆ ರಾತ್ರಿಯೇ ಶಸ್ತ್ರಚಿಕಿತ್ಸೆ ಆಗಬೇಕೆಂದರು. ಅಡ್ಮಿಷನ್ ಕೌಂಟರಿನಲ್ಲಿ ಯಾವ ಕೋಣೆ ಬೇಕು ಎಂದು ಕೇಳಿದರು. ಇಬ್ಬರು ರೋಗಿಗಳು ಹಂಚಿಕೊಳ್ಳುವ ಕೋಣೆಗೆ ದಿನಕ್ಕೆ 2,000, ಸ್ಪೆಷಲ್ ರೂಮಿಗೆ 5,000 ರೂಪಾಯಿ. ಮಗಳನ್ನು ಬಿಟ್ಟು ಬರಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅತ್ತೆಯವರೂ ಜೊತೆಯಲ್ಲೇ ಬಂದಿದ್ದರು, ಎಲ್ಲರೂ ಮಲಗಲು ಸ್ವಲ್ಪ ಜಾಗವಿರಲೆಂದು ಸ್ಪೆಷಲ್ ರೂಮ್ ಎಂದೆ. ಪಾಲಿಸಿಯಲ್ಲಿ ಕೋಣೆಯ ಬಾಡಿಗೆಯ ಮಿತಿ ವಿಮಾ ಮೊತ್ತದ ಶೇಕಡಾ 1, ಅಂದರೆ ದಿನಕ್ಕೆ 2,000 ಎಂದಿರುವುದು ನನಗೆ ತಿಳಿದಿತ್ತು. ದಿನಕ್ಕೆ ಮೂರು ಸಾವಿರದಂತೆ ಆರು ದಿನಕ್ಕೆ 18,000 ಕೈಯಿಂದ ಹೋಗುತ್ತದೆ, ಅಷ್ಟನ್ನು ಹೇಗಾದರೂ ಹೊಂದಿಸಬಹುದು ಎಂದು ಅಲ್ಲೇ ನಿಂತು ಲೆಕ್ಕ ಹಾಕಿದ್ದೆ.

ನನ್ನ ತಪ್ಪು ಆ ಲೆಕ್ಕದಲ್ಲಿಯೇ ಇತ್ತು. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಬೇಸರಿಸದೆ ಓದಿ.

ಒಟ್ಟು ಬಿಲ್ 1,40,000 ರೂಪಾಯಿ ಆಯಿತು. ಅದರಲ್ಲಿ ಕೋಣೆಯ ಬಾಡಿಗೆ 30,000. ಶಸ್ತ್ರವೈದ್ಯರು ಮತ್ತು ಅರಿವಳಿಕೆ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್, ನರ್ಸಿಂಗ್, ವೈದ್ಯರ ಭೇಟಿ, ಇವೆಲ್ಲ ಸೇರಿ 70,000. ರಕ್ತಪರೀಕ್ಷೆ, ಸ್ಕ್ಯಾನಿಂಗ್‌ಗೆ 12,000, ಔಷಧಿಗೆ 22,000, ಕೈಗವಸು ಮೊದಲಾದ ವಿಮೆಗೆ ಒಳಪಡದ ಸಾಮಗ್ರಿಗಳಿಗೆ 6,000. ಡಿಸ್ಚಾರ್ಜ್ ದಿನ ಇನ್ಶೂರೆನ್ಸ್ ಡೆಸ್ಕಿನವರು ವಿಮಾ ಕಂಪನಿಯಿಂದ ಮಂಜೂರಾಗಿರುವುದು 66,800 ಮಾತ್ರ, ಉಳಿದ 73,200 ನೀವು ಕಟ್ಟಬೇಕು ಎಂದರು. ಎಲ್ಲೋ ಅಂಕಿ ತಪ್ಪಿದೆ ಎಂದು ನಾನು ವಾದಿಸಿದೆ. ಅಂಕಿ ತಪ್ಪಿರಲಿಲ್ಲ.

ಅರ್ಹತೆಗಿಂತ ಹೆಚ್ಚಿನ ಬಾಡಿಗೆಯ ಕೋಣೆಯನ್ನು ತೆಗೆದುಕೊಂಡರೆ ಕಂಪನಿ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕಳೆಯುವುದಿಲ್ಲ. ನನ್ನ ಅರ್ಹತೆ 2,000, ನಾನು ತೆಗೆದುಕೊಂಡದ್ದು 5,000, ಅಂದರೆ ಅರ್ಹತೆ ಶೇಕಡಾ 40. ಕೋಣೆಯೊಂದಿಗೆ ತಳಕು ಹಾಕಿಕೊಂಡ ಉಳಿದ ವೆಚ್ಚಗಳಿಗೂ ಅದೇ ಶೇಕಡಾ 40ನ್ನು ಅನ್ವಯಿಸುತ್ತಾರೆ. ಇದಕ್ಕೆ ಪ್ರಪೋರ್ಷನೇಟ್ ಡಿಡಕ್ಷನ್ ಎಂದು ಹೆಸರು. ಬಾಡಿಗೆ, ವೈದ್ಯರ ಶುಲ್ಕ, ಪರೀಕ್ಷೆ ಸೇರಿದ 1,12,000ಕ್ಕೆ ಅವರು ಕೊಟ್ಟದ್ದು 44,800. ಔಷಧಿಯ 22,000 ಪೂರ್ತಿ ಬಂತು. ಬಾಡಿಗೆಯಲ್ಲಿ ನಾನು ಕಳೆದುಕೊಂಡದ್ದು ಎಣಿಸಿದ್ದ 18,000 ಮಾತ್ರ, ಆದರೆ ಕೋಣೆಗೂ ತಮಗೂ ಸಂಬಂಧವೇ ಇಲ್ಲದಂತೆ ಕಾಣುವ ವೈದ್ಯರ ಶುಲ್ಕ ಮತ್ತು ಪರೀಕ್ಷೆಗಳಲ್ಲಿ 49,200 ಹೋಯಿತು. ಅನೇಕ ಆಸ್ಪತ್ರೆಗಳಲ್ಲಿ ಒಂದೇ ಶಸ್ತ್ರಚಿಕಿತ್ಸೆಗೆ ಜನರಲ್ ವಾರ್ಡಿನಲ್ಲಿ ಒಂದು ದರ, ಸ್ಪೆಷಲ್ ರೂಮಿನಲ್ಲಿ ಇನ್ನೊಂದು ದರ ಇರುವುದರಿಂದ, ಮೇಲಿನ ಕೋಣೆಯನ್ನು ಆರಿಸಿಕೊಂಡವರು ಇಡೀ ಬಿಲ್ಲನ್ನೇ ಮೇಲಕ್ಕೆ ಏರಿಸಿದ್ದಾರೆ ಎಂಬುದು ಕಂಪನಿಗಳ ವಾದ. ಅಂದು ಆ 2,000ದ ಕೋಣೆಗೆ ಒಪ್ಪಿಕೊಂಡಿದ್ದರೆ, ಅಥವಾ ಮೂರು ವರ್ಷ ಮೊದಲು 9,700ರ ಪಾಲಿಸಿಯನ್ನು ಕೊಂಡಿದ್ದರೆ, ನಾನು ಕಟ್ಟಬೇಕಾಗಿದ್ದುದು ಸುಮಾರು ಆರು ಸಾವಿರ. ಹೆಚ್ಚುವರಿ 3,800 ಕೇಳಿದ್ದುದು ಕೋಣೆಯ ಬಾಡಿಗೆಗೆ ಮಿತಿ ಇಲ್ಲದಿರುವುದಕ್ಕೇ ಎಂಬುದು ನನಗೆ ತಿಳಿದದ್ದು ಡಿಸ್ಚಾರ್ಜ್ ಆಗಿ ಒಂದು ವಾರದ ನಂತರ, ಎರಡೂ ವಿವರಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ. ಎರಡು ಬಳೆಗಳನ್ನು ಅಡವಿಟ್ಟು ಬಿಲ್ ಕಟ್ಟಿದ್ದೆ. ಅವನ್ನು ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಹಿಡಿಯಿತು.

ನಿಯಮ ಈಗ ಸ್ವಲ್ಪ ಸಡಿಲವಾಗಿದೆ. 2020ರ ಅಕ್ಟೋಬರ್‌ನಿಂದ ಹೊಸ ಪಾಲಿಸಿಗಳಲ್ಲಿ ಔಷಧಿ, ದೇಹದೊಳಗೆ ಅಳವಡಿಸುವ ಸಾಧನಗಳು, ಪರೀಕ್ಷೆಗಳು ಮತ್ತು ಐಸಿಯು ಶುಲ್ಕದ ಮೇಲೆ ಈ ಅನುಪಾತದ ಕಡಿತ ಮಾಡುವಂತಿಲ್ಲ. ಆದರೆ ವೈದ್ಯರ ಶುಲ್ಕ, ಥಿಯೇಟರ್, ನರ್ಸಿಂಗ್ ಇಂದಿಗೂ ಕಡಿತಕ್ಕೆ ಒಳಪಡುತ್ತವೆ. ನನ್ನ ಅದೇ ಬಿಲ್ಲನ್ನು ಇಂದಿನ ನಿಯಮದಲ್ಲಿ ಲೆಕ್ಕ ಹಾಕಿದರೂ 66,000 ಕೈಯಿಂದಲೇ ಹೋಗುತ್ತಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅತ್ಯಂತ ಅಗ್ಗದ ಪಾಲಿಸಿ ಯಾವುದು ಎಂದು ಕೇಳಬೇಡಿ. ನೀವು ನಿಜವಾಗಿ ಹೋಗುವ ಆಸ್ಪತ್ರೆಯಲ್ಲಿ, ನೀವು ನಿಜವಾಗಿ ತೆಗೆದುಕೊಳ್ಳುವ ಕೋಣೆಯಲ್ಲಿ ಮಲಗಿದರೆ ಈ ಪಾಲಿಸಿ ಎಷ್ಟು ಕೊಡುತ್ತದೆ ಎಂದು ಕೇಳಿ. ಕೋಣೆ ಬಾಡಿಗೆಗೆ ಮಿತಿ ಇಲ್ಲದ, ಕನಿಷ್ಠ 5 ಲಕ್ಷದ ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಸೇರಿ ಒಂದೇ ವಿಮಾ ಮೊತ್ತವಿರುವ ಪಾಲಿಸಿ) ನಿಮ್ಮ ಕೈಗೆಟುಕಿದರೆ ಅದನ್ನೇ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳ ಮತ್ತು ಕುಟುಂಬಗಳ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ ಇಲ್ಲವಾಗಿದೆ, ಹಳೆಯ ದರಪಟ್ಟಿ ನೋಡಿ ಹಿಂಜರಿಯಬೇಡಿ. ಅದೂ ಎಟುಕದಿದ್ದರೆ ಆರೋಗ್ಯ ಸಂಜೀವಿನಿ ಎಂಬ ಪಾಲಿಸಿ ಇದೆ. 2020ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ ಕಂಪನಿಗಳು ಅದನ್ನು ಒಂದೇ ಷರತ್ತುಗಳೊಂದಿಗೆ ಮಾರುತ್ತಿವೆ. ಷರತ್ತು ಒಂದೇ ಆಗಿರುವುದರಿಂದ ಅಲ್ಲಿ ಮಾತ್ರ ನೀವು ನೆಮ್ಮದಿಯಿಂದ ಕಡಿಮೆ ಪ್ರೀಮಿಯಂ ಹುಡುಕಬಹುದು. ಅದರಲ್ಲೂ ಬಾಡಿಗೆಗೆ ಮಿತಿ ಇದೆ, ವಿಮಾ ಮೊತ್ತದ ಶೇಕಡಾ 2, ಗರಿಷ್ಠ ದಿನಕ್ಕೆ 5,000. ಪ್ರತಿ ಕ್ಲೇಮಿನಲ್ಲಿ ಶೇಕಡಾ 5 ನಿಮ್ಮ ಪಾಲು. ಅದನ್ನು ಕೊಂಡರೆ ಅಡ್ಮಿಷನ್ ಕೌಂಟರಿನಲ್ಲಿ ಆ ಮಿತಿಯನ್ನು ದಾಟಬೇಡಿ, ಅರ್ಹತೆಗೆ ತಕ್ಕ ಕೋಣೆ ಬೇಕೆಂದು ಸ್ಪಷ್ಟವಾಗಿ ಹೇಳಿ.

ತಾಯಿಯವರನ್ನು ನಿಮ್ಮ ಫ್ಲೋಟರಿಗೆ ಸೇರಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಫ್ಲೋಟರಿನ ಪ್ರೀಮಿಯಂ ಸಾಮಾನ್ಯವಾಗಿ ಅದರಲ್ಲಿರುವ ಅತಿ ಹಿರಿಯರ ವಯಸ್ಸಿನ ಮೇಲೆ ನಿಂತಿರುತ್ತದೆ, ಮೊತ್ತವನ್ನು ಎಲ್ಲರೂ ಹಂಚಿಕೊಳ್ಳಬೇಕಾಗುತ್ತದೆ. ಊರಿನ ಹಾಲಿನ ಸಂಘದಲ್ಲೋ ಕೃಷಿ ಪತ್ತಿನ ಸಂಘದಲ್ಲೋ ಅವರು ಸದಸ್ಯರಾಗಿದ್ದರೆ ಮೊದಲು ಸಹಕಾರ ಸಂಘಗಳ ಸದಸ್ಯರಿಗಾಗಿ ರಾಜ್ಯ ಸರ್ಕಾರ ನಡೆಸುವ ಯಶಸ್ವಿನಿ ಆರೋಗ್ಯ ಯೋಜನೆಯನ್ನು ವಿಚಾರಿಸಿ. 2018ರಲ್ಲಿ ನಿಂತಿದ್ದ ಆ ಯೋಜನೆಗೆ 2022ರಲ್ಲಿ ನೋಂದಣಿ ಮತ್ತೆ ಆರಂಭವಾದಾಗ ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ ವಾರ್ಷಿಕ ವಂತಿಗೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ ಎಂದು ನಿಗದಿಯಾಗಿತ್ತು. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ, ದಿನಾಂಕವನ್ನೂ ಅರ್ಹತೆಯ ನಿಯಮಗಳನ್ನೂ ಸಂಘದ ಕಾರ್ಯದರ್ಶಿಯವರಿಂದ ತಿಳಿದುಕೊಳ್ಳಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ನಿಗದಿಪಡಿಸಿದ ದರದ) ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ತುರ್ತು ಪ್ರಕರಣಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ನಿಮ್ಮ ಸಂಬಳ ತಿಂಗಳಿಗೆ 21,000ದ ಒಳಗಿದ್ದು ಸಂಸ್ಥೆ ಇಎಸ್ಐಗೆ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಗೆ, ಒಳಪಟ್ಟಿದ್ದರೆ, ಈ ಎಲ್ಲಕ್ಕಿಂತ ಮೊದಲು ಇಎಸ್ಐ ಕಾರ್ಡಿನಲ್ಲಿ ಹೆಂಡತಿ ಮತ್ತು ಮಗುವಿನ ಹೆಸರು ಸೇರಿದೆಯೇ ನೋಡಿ.

ಬಿಪಿ, ಸಕ್ಕರೆ, ಥೈರಾಯ್ಡ್, ಏನಿದ್ದರೂ ಅರ್ಜಿಯಲ್ಲಿ ಬರೆದುಬಿಡಿ. 2024ರ ಏಪ್ರಿಲ್‌ನಿಂದ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ, ಅಂದರೆ ಅವುಗಳ ಚಿಕಿತ್ಸೆಗೆ ವಿಮೆಯ ಹಣ ಸಿಗದ ಆರಂಭದ ಕಾಲ, ಹೆಚ್ಚೆಂದರೆ ಮೂರು ವರ್ಷ. ಮುಚ್ಚಿಟ್ಟದ್ದು ಕ್ಲೇಮಿನ ಹೊತ್ತಿಗೆ ಹೊರಬಂದರೆ ಕಟ್ಟಿದ ಪ್ರೀಮಿಯಂ ಎಲ್ಲ ವ್ಯರ್ಥವಾಗಬಹುದು.

2019ರಲ್ಲಿ ನಾನು ನವೀಕರಣದ ದಿನಾಂಕಕ್ಕೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿಕೊಂಡೆ. ಹಳೆಯ ಪಾಲಿಸಿಯಲ್ಲಿ ಕಾದ ವರ್ಷಗಳು ಹೊಸದರಲ್ಲಿ ಲೆಕ್ಕಕ್ಕೆ ಬಂದವು. 5 ಲಕ್ಷದ ಪಾಲಿಸಿ, ಕೋಣೆಗೆ ಮಿತಿ ಇಲ್ಲ, ಪ್ರೀಮಿಯಂ ಆಗ 11,200. 2022ರಲ್ಲಿ ಮಗಳಿಗೆ ಡೆಂಗಿ ಬಂದು ನಾಲ್ಕು ದಿನ ಅದೇ ಆಸ್ಪತ್ರೆಯ ಸ್ಪೆಷಲ್ ರೂಮಿನಲ್ಲಿದ್ದೆವು, ಕೈಯಿಂದ ಕಟ್ಟಿದ್ದು 2,300 ರೂಪಾಯಿ. ಇಂದಿಗೂ ಪ್ರತಿ ವರ್ಷ ನವೀಕರಣಕ್ಕೆ ಮುಂಚೆ ಆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೆ ಹೋಗಿ ಕೋಣೆಗಳ ದರವನ್ನು ಬರೆದುಕೊಂಡು ಬರುತ್ತೇನೆ. ನೀವೂ ಈ ವಾರವೇ ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಆ ದರಗಳನ್ನು ಕೇಳಿಕೊಂಡು ಬನ್ನಿ, ಏಜೆಂಟರನ್ನು ಕರೆಯುವುದು ಆಮೇಲೆ.