ಹಿಪೊಕ್ಯಾಂಪಸ್ ಸವೆದಿದೆ ಎಂದು ಬಂದ ಹುಡುಗ

ಹುಡುಗನನ್ನು ಈರಣ್ಣ ಎಂದು ಕರೆಯೋಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಗದಗ ಜಿಲ್ಲೆಯ ರೋಣದ ಕಡೆಯವನು. ಧಾರವಾಡದಲ್ಲಿ ಬಿ.ಎಸ್ಸಿ ಎರಡನೆಯ ವರ್ಷ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ. ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಇಬ್ಬರ ಜೊತೆ ವಾಸ. ಆಪ್ತಸಮಾಲೋಚಕಿಯಾದ ನನ್ನ ಬಳಿ ಬರುವಾಗಲೇ ರೋಗ ಯಾವುದೆಂದು ತೀರ್ಮಾನಿಸಿಕೊಂಡಿದ್ದ.

"ಮೇಡಂ, ಒತ್ತಡದಿಂದ ನನ್ನ ಹಿಪೊಕ್ಯಾಂಪಸ್ ಸವೆದಿದೆ. ಓದಿದ್ದು ನಿಲ್ಲುತ್ತಿಲ್ಲ. ಎರಡು ವಿಷಯ ಹೋದವು."

ಹಿಪೊಕ್ಯಾಂಪಸ್ ಎಂದರೆ ಹೊಸ ನೆನಪುಗಳನ್ನು ರೂಪಿಸುವ ಮಿದುಳಿನ ಭಾಗ. ಮುಂದೆ ನರವಿಜ್ಞಾನ ಓದುವ ಆಸೆ ಎಂದೂ ಹೇಳಿದ. ಮೊದಲ ಭೇಟಿಯನ್ನು ನಾನು ಅಲ್ಲಿಯೇ ಹಾಳು ಮಾಡಿದೆ. ನಮ್ಮಲ್ಲಿ ಪದವಿ ಮಟ್ಟದಲ್ಲಿ ಇದನ್ನೇ ಪ್ರತ್ಯೇಕವಾಗಿ ಕಲಿಸುವ ಕಡೆ ಕಡಿಮೆ, ಹೆಚ್ಚಿನವರು ಪ್ರಾಣಿಶಾಸ್ತ್ರ, ಭೌತಶಾಸ್ತ್ರ, ಮನೋವಿಜ್ಞಾನದ ದಾರಿಯಿಂದ ಬರುತ್ತಾರೆ, ಆಮೇಲೆ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್ ಇವೆ ಎಂದು ಅರ್ಧ ತಾಸು ಹೇಳಿದೆ. ಅವನು ತಲೆಯಾಡಿಸಿದ. ಅಷ್ಟೂ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ವೃತ್ತಿಯ ಹಳೆಯ ಚಾಳಿ.

ಎರಡನೆಯ ಸಲ, ಈ ವಿಷಯವೇ ಏಕೆ ಬೇಕು ಎಂದು ಮಾತ್ರ ಕೇಳಿ ಸುಮ್ಮನೆ ಕುಳಿತೆ. ಅವನು ಹೆನ್ರಿ ಮೊಲೈಸನ್ ಎಂಬ ಅಮೆರಿಕದವನ ಕಥೆ ತೆಗೆದ. ಮೂರ್ಛೆ ರೋಗ ತಪ್ಪಿಸಲು 1953ರಲ್ಲಿ ಅವನ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರಂತೆ. ಆಗ ಅವನಿಗೆ 27 ವರ್ಷ. ಆಮೇಲೆ ಹೊಸದಾಗಿ ಕಂಡವರಾರೂ ನೆನಪಿನಲ್ಲಿ ಉಳಿಯಲಿಲ್ಲ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬರೆಯುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತ. ನಿನ್ನೆ ಬರೆದದ್ದು ಮಾತ್ರ ನೆನಪಿಲ್ಲ. "ಕೈಯ ನೆನಪು ಬೇರೆ ಕಡೆ ಇರುತ್ತದೆ ಮೇಡಂ. ನಮ್ಮ ಅಮ್ಮನದೂ ಹಾಗೆಯೇ."

ಅವರ ಮನೆಯಲ್ಲಿ ಅಮ್ಮ ಎಂದರೆ ಅಜ್ಜಿ. 78ರ ಆಕೆ ಮೊಮ್ಮಗನನ್ನು "ಯಾರಪ್ಪ ನೀನು" ಎನ್ನುತ್ತಾಳೆ. ಹಿಟ್ಟು ಮುಂದಿಟ್ಟರೆ ಜೋಳದ ರೊಟ್ಟಿಯನ್ನು ಮಾತ್ರ ಮೊದಲಿನಂತೆಯೇ ಬಡಿಯುತ್ತಾಳೆ. ಇಷ್ಟು ಹೇಳಿ ಅವನು ಕಿಟಕಿಯ ಕಡೆ ನೋಡತೊಡಗಿದ. ಬಹಳ ಹೊತ್ತಿನ ಮೇಲೆ, "ನನಗೂ ಅದೇ ಶುರುವಾಗಿದೆಯೇ?" ಎಂದ. ಆರು ತಿಂಗಳಿನಿಂದ ರಾತ್ರಿ ಮಲಗುವ ಮುನ್ನ ಫೋನ್ ನಂಬರುಗಳನ್ನು ಬಾಯಿಪಾಠ ಒಪ್ಪಿಸಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದ್ದ. ಒಂದು ಅಂಕಿ ತಪ್ಪಿದರೆ ಮೂರರವರೆಗೆ ನಿದ್ದೆ ಇಲ್ಲ. ಹಿಪೊಕ್ಯಾಂಪಸ್ ಎಂಬ ಮಾತು ಈ ಭಯಕ್ಕೆ ಹೊದಿಸಿದ ಕಂಬಳಿಯಾಗಿತ್ತು.

ಮೂರನೆಯ ಸಲ, ಪರೀಕ್ಷೆಯಲ್ಲಿ ಬಿಟ್ಟ ಪ್ರಶ್ನೆ ಯಾವುದು ಎಂದೆ. ನರಕೋಶದಲ್ಲಿ ಸಂಕೇತ ಸಾಗುವ ಬಗೆ. ಇಂಗ್ಲಿಷಿನಲ್ಲಿ ಗಟ್ಟಿ ಮಾಡಿದ್ದನ್ನು ಒಪ್ಪಿಸಲು ಹೋಗಿ ನಾಲ್ಕನೆಯ ವಾಕ್ಯಕ್ಕೆ ನಿಂತ. "ನನಗೆ ವಿಜ್ಞಾನ ಬಾರದು, ಕನ್ನಡದಲ್ಲಿ ಹೇಳು" ಎಂದೆ. ಸುಮ್ಮನಿರುವ ಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. ಸೋಡಿಯಂ ಹೊರಗೆ ಹೆಚ್ಚು, ಪೊಟ್ಯಾಸಿಯಂ ಒಳಗೆ. ಪ್ರಚೋದನೆ ಒಂದು ಮಿತಿ ದಾಟಿದರೆ ಸೋಡಿಯಂನ ಬಾಗಿಲು ತೆರೆದು ಅದು ಒಳಗೆ ನುಗ್ಗುತ್ತದೆ, ಆಮೇಲೆ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದಿರುತ್ತದೆ. "ಒಂದು ಮಡಿ ತುಂಬಿದ ಮೇಲೆ ಮುಂದಿನ ಮಡಿಗೆ ನೀರು ಹರಿದಂತೆ" ಎಂದವನು ಥಟ್ಟನೆ ತಡೆದ. "ಇಲ್ಲ, ನೀರು ಮುಂದೆ ಹೋದಂತೆ ಕಡಿಮೆಯಾಗುತ್ತದೆ. ಇದು ಕಡಿಮೆಯಾಗುವುದಿಲ್ಲ." ತನ್ನ ಹೋಲಿಕೆಯನ್ನು ತಾನೇ ತಿದ್ದಿಕೊಂಡವನಿಗೆ ಮರೆವಿನ ರೋಗವಿಲ್ಲ ಎಂದು ಹೇಳಿಬಿಡುವ ಆಸೆಯಾಯಿತು. ಹೇಳಲಿಲ್ಲ. ಅವನು ಮಾಡಿದ ತಪ್ಪನ್ನೇ ನಾನು ಮಾಡಬಾರದು. ಅದು ವೈದ್ಯರ ಕೆಲಸ.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಅಜ್ಜಿಗೆ ಸಂಬಂಧಿಸಿದ್ದು. ವಯಸ್ಸಾಯಿತು ಎಂದು ಯಾರೂ ಆಕೆಯನ್ನು ಆಸ್ಪತ್ರೆಗೇ ತೋರಿಸಿರಲಿಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಇವುಗಳಿಗೆ ಚಿಕಿತ್ಸೆ ಇದೆ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆತಾ, ನಿನ್ನ ಪ್ರಶ್ನೆಯನ್ನೂ ಅಲ್ಲಿಯೇ ಕೇಳು ಎಂದೆ. ಮರೆವಿನ ರೋಗದಲ್ಲಿ ಚಿಕ್ಕ ವಯಸ್ಸಿಗೇ ಬಂದು ವಂಶದಲ್ಲಿ ನೇರವಾಗಿ ಇಳಿಯುವ ಬಗೆ ಅಪರೂಪ ಎಂಬುದನ್ನು ಅವನು ವೈದ್ಯರ ಬಾಯಿಂದಲೇ ಕೇಳಬೇಕಿತ್ತು. ರಾತ್ರಿಯ ಸ್ವಪರೀಕ್ಷೆ ಬಂದ್. ಹನ್ನೊಂದಕ್ಕೆ ಮೊಬೈಲ್ ಕೋಣೆಯ ಇನ್ನೊಂದು ಮೂಲೆಗೆ. ನೆನಪು ಗಟ್ಟಿಯಾಗಲು ನಿದ್ದೆ ಬೇಕೆಂದು ಅವನ ಪುಸ್ತಕವೇ ಹೇಳುತ್ತದೆ, ನಾನು ಹೇಳಬೇಕಿರಲಿಲ್ಲ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರ ಭೇಟಿ. ಓದುವಾಗ ಪುಸ್ತಕ ಮುಚ್ಚಿ, ತಿಳಿದದ್ದನ್ನು ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷ್ ಪದಗಳನ್ನು ಕೂಡಿಸುವುದು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ಇಷ್ಟು ದಿನ ಭಾಷೆಯನ್ನು ಉರು ಹೊಡೆಯುತ್ತಿದ್ದ, ವಿಷಯವನ್ನಲ್ಲ.

ಉಳ್ಳಾಗಡ್ಡಿ ಮಾರಲು ಹುಬ್ಬಳ್ಳಿಗೆ ಬಂದ ದಿನ ತಂದೆ ನನ್ನಲ್ಲಿಗೂ ಬಂದರು. "ಅಕ್ಕಾರೇ, ಇದನ್ನು ಓದಿದರೆ ಡಾಕ್ಟರ್ ಆಗುತ್ತಾನೆಯೇ?" ಉತ್ತರ ಮಗನೇ ಕೊಟ್ಟ: "ಹೆಸರಿನ ಮುಂದೆ ಬರುತ್ತದೆ ಅಪ್ಪ. ಔಷಧ ಬರೆದುಕೊಡಲು ಬರುವುದಿಲ್ಲ. ಇನ್ನೂ ಏಳೆಂಟು ವರ್ಷ ಬೇಕು." ಯಾರ ದುಡ್ಡಿನಲ್ಲಿ ಎಂಬುದು ತಂದೆಯ ಮುಂದಿನ ಪ್ರಶ್ನೆ, ನ್ಯಾಯವಾದದ್ದೇ. ಪ್ರವೇಶ ಪರೀಕ್ಷೆ ಗೆದ್ದು ಪಿಎಚ್.ಡಿಗೆ ಸೇರಿದವರಿಗೆ ತಿಂಗಳ ಫೆಲೋಶಿಪ್ ಸಿಗುತ್ತದೆ, ಅಲ್ಲಿಯವರೆಗಿನದು ಮನೆಯ ಭಾರ ಎಂದೆ. ಬಿ.ಎಡ್ ಬಾಗಿಲನ್ನೂ ಮುಚ್ಚಬಾರದು ಎಂದು ಅವರು ಹಟ ಹಿಡಿದರು. ಮುಚ್ಚುವುದು ಬೇಡ ಎಂದು ನಾನೂ ಹೇಳಿದೆ. ಈರಣ್ಣನಿಗೆ ಇಷ್ಟವಾಗಲಿಲ್ಲ.

ಅಜ್ಜಿಗೆ ಬಿ12 ಬಹಳ ಕಡಿಮೆ ಇತ್ತು. ಚುಚ್ಚುಮದ್ದಿನ ನಂತರ ತುಸು ಚುರುಕಾಗಿದ್ದಾಳೆ, ಮೊಮ್ಮಗನನ್ನು ಈಗ ಮಗನ ಹೆಸರಿನಿಂದ ಕರೆಯುತ್ತಾಳೆ. ಹೋದ ವಿಷಯಗಳಲ್ಲಿ ಒಂದು ಪಾಸಾಗಿದೆ, ಒಂದು ಉಳಿದಿದೆ.

ಮೊನ್ನೆ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಶಿಫಾರಸು ಪತ್ರ ಬೇಕೆಂದು ಬಂದ. ಅದನ್ನು ಪಾಠ ಹೇಳುವ ಮೇಷ್ಟ್ರ ಹತ್ತಿರ ಕೇಳಬೇಕು ಎಂದೆ.

"ಅವರ ಜೊತೆ ಇಂಗ್ಲಿಷಿನಲ್ಲಿ ಮಾತನಾಡಬೇಕಲ್ಲ ಮೇಡಂ."

ಮೇಷ್ಟ್ರ ಊರು ಯಾವುದೆಂದು ಕೇಳಿದೆ. ಹಾವೇರಿಯಂತೆ.