ಅಕ್ಷರ ಕೈಯಲ್ಲಿದೆ, ಪದ ಸಿಗುತ್ತಿಲ್ಲ!

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಇಂಗ್ಲಿಷ್ ಪದದಾಟ

ಪ್ರಶ್ನೆ: ನಮ್ಮದು ಕನ್ನಡ ಮಾಧ್ಯಮದ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆ. ಊಟದ ಬಿಡುವಿನಲ್ಲಿ ಮಕ್ಕಳಿಗೆ ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆಗಳನ್ನು ಮನೆಗಳಿರುವ ಹಲಗೆಯ ಮೇಲಿಟ್ಟು ಇಂಗ್ಲಿಷ್ ಪದ ಕಟ್ಟುವ ಆಟ) ಆಡಿಸುತ್ತೇವೆ. ಕೈಯಲ್ಲಿ ಏಳು ಅಕ್ಷರ ಇದ್ದರೂ ಮೂರಕ್ಷರದ ಪದ ಸಿಕ್ಕಿದೊಡನೆ ಇಟ್ಟುಬಿಡುತ್ತಾರೆ. ಉದ್ದದ ಪದ ಹುಡುಕುವುದನ್ನು ಹೇಗೆ ಕಲಿಸಲಿ?
– ಶಿಕ್ಷಕಿ, ಬದಿಯಡ್ಕ

ಉತ್ತರ: ಟೀಚರ್, ಮಕ್ಕಳು ಕಿವಿಯಿಂದ ಹುಡುಕುತ್ತಿದ್ದಾರೆ, ತೊಂದರೆ ಅಲ್ಲೇ ಇದೆ. ಕನ್ನಡದಲ್ಲಿ ಕೇಳಿದ ಹಾಗೆ ಬರೆದರೆ ಬಹುಪಾಲು ಸರಿಯಾಗುತ್ತದೆ. ಇಂಗ್ಲಿಷಿನಲ್ಲಿ ಆ ನೆಚ್ಚಿಗೆ ಇಲ್ಲ. 'ನೈಟ್' ಎಂದು ಬಾಯಲ್ಲಿ ಹೇಳಿಕೊಳ್ಳುವ ಮಗುವಿಗೆ ನಡುವಿನ ಜಿ-ಎಚ್ ಕೇಳಿಸುವುದೇ ಇಲ್ಲ. ಎರಡೂ ಬಿಲ್ಲೆ ಕೈಯಲ್ಲಿದ್ದರೂ ಉಪಯೋಗಕ್ಕಿಲ್ಲವೆಂದು ಬದಿಗೆ ಸರಿಸುತ್ತದೆ. ಹಾಗಾಗಿ ಉಚ್ಚಾರ ಬಿಟ್ಟು, ಯಾವ ಅಕ್ಷರಗಳು ಒಟ್ಟಿಗೆ ಬರುತ್ತವೆ ಎಂಬುದನ್ನು ಕಣ್ಣಿಗೆ ರೂಢಿ ಮಾಡಿಸಿ.

ಬಾಲದಿಂದ ಶುರು ಮಾಡಿ. ಐ-ಎನ್-ಜಿ, ಇ-ಡಿ, ಇ-ಆರ್, ಐ-ಇ-ಆರ್, ಇ-ಎಸ್-ಟಿ, ಇವುಗಳಲ್ಲಿ ಯಾವುದಾದರೂ ಇದ್ದರೆ ಆ ಬಿಲ್ಲೆಗಳನ್ನು ಎದುರಿಗಿರುವ ಬಿಲ್ಲೆಪಟ್ಟಿಯ ಬಲತುದಿಗೆ ಸರಿಸಿ, ಉಳಿದದ್ದನ್ನು ಮಾತ್ರ ನೋಡಲಿ. ಏಳಕ್ಷರದ ಪದ ಹುಡುಕುವ ಕೆಲಸ ನಾಲ್ಕೈದಕ್ಷರಕ್ಕೆ ಇಳಿಯುತ್ತದೆ.

ಕರಿಹಲಗೆಯಲ್ಲಿ ಎ, ಇ, ಐ, ಎನ್, ಆರ್, ಎಸ್, ಟಿ ಬರೆಯಿರಿ. ಇ-ಆರ್ ಬಲಕ್ಕೆ ಹೋದರೆ ಉಳಿದ ಐದರಲ್ಲಿ ಎಸ್-ಟಿ-ಎ-ಐ-ಎನ್, ಅಂದರೆ 'ಸ್ಟೇನ್' ಇದೆ. ಬಾಲ ಅಂಟಿಸಿದರೆ 'ಸ್ಟೇನರ್', ಏಳೂ ಖಾಲಿ. ಐ-ಇ-ಆರ್ ಮೂರನ್ನೂ ಸರಿಸಿದರೆ ಎನ್-ಎ-ಎಸ್-ಟಿ ಉಳಿದು 'ನಾಸ್ಟಿಯರ್' ಆಗುತ್ತದೆ. ಇದು ಮಕ್ಕಳಿಗೆ ಸುಲಭಕ್ಕೆ ಹೊಳೆಯುವುದಿಲ್ಲ, ಏಕೆಂದರೆ ಅವರು ಕಲಿತ 'ನಾಸ್ಟಿ'ಯ ಕೊನೆಯಲ್ಲಿ ವೈ ಇದೆ. ಬಾಲ ಸೇರುವಾಗ ಅದು ಐ ಆಗುತ್ತದೆಂದು ಮೊದಲೇ ಹೇಳಿಕೊಡಬೇಕು. ಎಸ್ ಒಂದನ್ನೇ ಕೊನೆಗಿಟ್ಟರೆ 'ರೆಟಿನಾಸ್'. ಆರ್-ಇ ಎಡತುದಿಗಿಟ್ಟು ಟಿ-ಎ-ಐ-ಎನ್-ಎಸ್ ಜೋಡಿಸಿದರೆ 'ರಿಟೇನ್ಸ್'. ಏಳೂ ಬಿಲ್ಲೆ ಒಂದೇ ಸಲ ಇಟ್ಟವರಿಗೆ 50 ಅಂಕ ಹೆಚ್ಚುವರಿ. ಈ ಒಂದು ಗುಂಪನ್ನು ಒಂದು ಪೀರಿಯಡ್ ಪೂರ್ತಿ ಅರೆದರೂ ನಷ್ಟವಿಲ್ಲ.

ಬಿಲ್ಲೆ ಎತ್ತಿದ ಕ್ರಮದಲ್ಲೇ ಇಟ್ಟುಕೊಳ್ಳಲು ಬಿಡಬೇಡಿ. ಒಂದು ಕ್ರಮ ಕಣ್ಣಿಗೆ ಕಚ್ಚಿಕೊಂಡರೆ ಬೇರೆ ಜೋಡಣೆ ಕಾಣುವುದಿಲ್ಲ. ಅರ್ಧ ನಿಮಿಷಕ್ಕೊಮ್ಮೆ ಕಲಸಲಿ, ಇಲ್ಲವೆ ಮೇಜಿನ ಮೇಲೆ ವೃತ್ತಾಕಾರದಲ್ಲಿ ಇಡಲಿ. ಎಸ್ ಸಿಕ್ಕಿದೊಡನೆ ಸಣ್ಣ ಪದಕ್ಕೆ ಅಂಟಿಸುವುದೂ ಮಕ್ಕಳ ಚಾಳಿ. 100 ಬಿಲ್ಲೆಗಳಲ್ಲಿ ಎಸ್ ಇರುವುದು ನಾಲ್ಕೇ, ಯಾವ ಅಕ್ಷರವಾಗಿಯೂ ಬಳಸಬಹುದಾದ ಖಾಲಿ ಬಿಲ್ಲೆ ಎರಡೇ. ಎಂಟು-ಹತ್ತು ಅಂಕ ಹೆಚ್ಚು ಬರದಿದ್ದರೆ ಎಸ್ ಖರ್ಚು ಮಾಡಿಸಬೇಡಿ.

ಪ್ರಶ್ನೆ: ನನಗೆ ಕ್ಯೂ ಬಂದಾಗಲೆಲ್ಲ ಯು ಇರುವುದಿಲ್ಲ. ಆಟ ಮುಗಿಯುವವರೆಗೂ ಕೈಯಲ್ಲೇ ಕೊಳೆಯುತ್ತದೆ. ಉಪಾಯ ಉಂಟಾ?
– ಪದವಿ ವಿದ್ಯಾರ್ಥಿ, ಉಪ್ಪಳ

ಉತ್ತರ: ಉಂಟು. ಮೊದಲು ಕಲಿಯಬೇಕಾದದ್ದು ಎರಡಕ್ಷರದ ಕ್ಯೂ-ಐ. 'ಚೀ' ಎಂದು ಓದುವ ಚೀನೀ ಮೂಲದ ಪದ. ಆಮೇಲೆ ಕ್ಯೂ-ಎ-ಟಿ, ಕ್ಯೂ-ಎ-ಐ-ಡಿ, ಕ್ಯೂ-ಎ-ಡಿ-ಐ, ಕ್ಯೂ-ಎ-ಎನ್-ಎ-ಟಿ. ಎಫ್-ಎ-ಕ್ಯೂ-ಐ-ಆರ್ ನಮ್ಮ ಫಕೀರನೇ, ಟಿ-ಎ-ಎಲ್-ಎ-ಕ್ಯೂ ತಲಾಕ್. ಈ ಕೊನೆಯ ಎರಡು ನಿಮ್ಮ ಊರಿನಲ್ಲಿ ಕೇಳಿ ಗೊತ್ತಿರುವ ಮಾತುಗಳೇ, ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಕ್ಯೂಗೆ 10 ಅಂಕ. ಅದನ್ನು ಅಕ್ಷರದ ಅಂಕ ಮೂರುಪಟ್ಟಾಗುವ ಮನೆಯಲ್ಲಿಟ್ಟು ಅಡ್ಡಕ್ಕೂ ಉದ್ದಕ್ಕೂ ಕ್ಯೂ-ಐ ಆಗುವಂತೆ ನೋಡಿಕೊಂಡರೆ 31 (ಕ್ಯೂಗೆ 30, ಐಗೆ 1) ಮತ್ತು 31, ಒಟ್ಟು 62. ಇದಕ್ಕೆ ಆ ಮನೆಯ ಬಲಕ್ಕೋ ಕೆಳಕ್ಕೋ ಒಂದು ಐ ಮೊದಲೇ ಬಿದ್ದಿರಬೇಕು, ಇನ್ನೊಂದು ಐ ನಿಮ್ಮ ಕೈಯಲ್ಲಿರಬೇಕು.

ಎಕ್ಸ್‌ಗೆ ಇಷ್ಟು ಪರದಾಟವಿಲ್ಲ: ಎ, ಇ, ಒ ಇವುಗಳ ನಂತರ ಬರುತ್ತದೆ, ಐ ಮತ್ತು ಯು ಇವುಗಳ ಮೊದಲೂ ಬರುತ್ತದೆ, ಎಲ್ಲವೂ ಎರಡಕ್ಷರದ ಪದಗಳೇ. ಜೆಡ್‌ಗೆ ಜೆಡ್-ಎ, ಜೆಗೆ ಜೆ-ಒ. ವಿ ಇರುವ ಎರಡಕ್ಷರದ ಪದ ಒಂದೂ ಇಲ್ಲ, ತಡಕಾಡಿ ಹೊತ್ತು ಕಳೆಯಬೇಡಿ.

ಪದ ಸರಿಯೋ ಎಂದು ಯಾವ ಪದಪಟ್ಟಿ ನೋಡುವುದೆಂದು ಆಟಕ್ಕೆ ಮೊದಲೇ ಮಾತಾಡಿಕೊಳ್ಳಿ. ಭಾರತದ ಪಂದ್ಯಗಳಲ್ಲಿ ಕಾಲಿನ್ಸ್ ಪಟ್ಟಿ, ಅಮೆರಿಕದಲ್ಲಿ ಬೇರೆ. ಜೆಡ್-ಒ ಕಾಲಿನ್ಸ್‌ನಲ್ಲಿದೆ, ಅಮೆರಿಕದ ಪಟ್ಟಿಯಲ್ಲಿಲ್ಲ. ಜಗಳ ಹುಟ್ಟುವುದು ಇಂಥವಕ್ಕೇ.

ಪ್ರಶ್ನೆ: ವರ್ಡಲ್‌ನಲ್ಲಿ (ಐದಕ್ಷರದ ಇಂಗ್ಲಿಷ್ ಪದವನ್ನು ಆರು ಸಲದೊಳಗೆ ಊಹಿಸುವ ಆನ್‌ಲೈನ್ ಆಟ) ಎರಡನೆಯದು ಐ, ಕೊನೆಗೆ ಜಿ-ಎಚ್-ಟಿ ಎಂದು ಬೇಗ ಗೊತ್ತಾಯಿತು. ಆದರೂ 'ಲೈಟ್', 'ರೈಟ್', 'ಸೈಟ್' ಎನ್ನುತ್ತಾ ಆರೂ ಅವಕಾಶ ಮುಗಿಯಿತು.
– ಗೃಹಿಣಿ, ಕುಂಬಳೆ

ಉತ್ತರ: ಅಮ್ಮ, ನಾಲ್ಕಕ್ಷರ ಹಸಿರಾದ (ಸರಿಯಾದ ಜಾಗದಲ್ಲಿವೆ ಎಂದು ಗೊತ್ತಾದ) ಮೇಲೆ ಐದನೆಯದನ್ನು ಒಂದೊಂದಾಗಿ ಬದಲಿಸುತ್ತಾ ಹೋಗಬಾರದು. ಆ ಮನೆಗೆ ಎಫ್, ಎಲ್, ಎಂ, ಎನ್, ಆರ್, ಎಸ್, ಟಿ, ಇ ಎಲ್ಲವೂ ಹೊಂದುತ್ತವೆ. ಸರಿಯುತ್ತರ ಅಲ್ಲವೆಂದು ಗೊತ್ತಿದ್ದೇ 'ಫಿಲ್ಮ್ಸ್' ಹಾಕಿ. ಎಫ್, ಎಲ್, ಎಂ, ಎಸ್ ನಾಲ್ಕರ ಪರೀಕ್ಷೆ ಒಂದೇ ಏಟಿಗೆ ಮುಗಿಯುತ್ತದೆ. ಈ ನಾಲ್ಕರಲ್ಲಿ ಯಾವುದಕ್ಕೆ ಬಣ್ಣ ಬಂತೋ ಅದೇ ಮೊದಲಕ್ಷರ. ನಾಲ್ಕೂ ಬೂದಿ ಬಣ್ಣಕ್ಕೆ ತಿರುಗಿದರೆ (ಪದದಲ್ಲಿ ಇಲ್ಲವೆಂದಾದರೆ) ಉಳಿದವನ್ನಷ್ಟೇ ನೋಡಿ. ಹಾರ್ಡ್ ಮೋಡ್ ಹಾಕಿಕೊಂಡಿದ್ದರೆ ಇದು ನಡೆಯದು, ಹಸಿರಾದ ಅಕ್ಷರಗಳನ್ನು ಅಲ್ಲಲ್ಲೇ ಮತ್ತೆ ಬಳಸಬೇಕಾಗುತ್ತದೆ.

ಬೂದಿ ಬಂದರೆ ಆ ಅಕ್ಷರವೇ ಇಲ್ಲವೆಂದು ಎಲ್ಲ ಸಲವೂ ಅಲ್ಲ. ಉತ್ತರ 'ಲೆಮನ್' ಇದ್ದು ನೀವು 'ಲೆವೆಲ್' ಹಾಕಿದರೆ ಮೊದಲಿನ ಎಲ್, ಇ ಹಸಿರು; ಆಮೇಲಿನ ಇ, ಎಲ್ ಬೂದಿ. ಎರಡನೆಯ ಸಲ ಇಲ್ಲ ಎಂದಷ್ಟೇ ಅದರ ಅರ್ಥ.

ಪ್ರಶ್ನೆ: ಇಂಗ್ಲಿಷ್ ಪದಗಳ ಒಂದು ಟೆಕ್ಸ್ಟ್ ಫೈಲ್ ಇಳಿಸಿಕೊಂಡಿದ್ದೇನೆ, ಸಾಲಿಗೊಂದು ಪದ. ಬೇಕಾದ ಅಕ್ಷರಗಳಿರುವ ಪದಗಳನ್ನು ಮಾತ್ರ ಹೆಕ್ಕುವುದು ಹೇಗೆ?
– ಓದುಗ, ಹೊಸೂರು

ಉತ್ತರ: ಸಾಮಾನ್ಯ ಹುಡುಕಾಟ ಒತ್ತೊತ್ತಿಗೆ ಇರುವ ಅಕ್ಷರಗಳನ್ನು ಮಾತ್ರ ಹಿಡಿಯುತ್ತದೆ. ಅಕ್ಷರ ಎಲ್ಲಿದ್ದರೂ ಆದೀತು ಎಂದಾದರೆ ಎಕ್ಸೆಲ್‌ಗೆ ಹಾಕಿ, ಫಿಲ್ಟರಿನಲ್ಲಿ ಉದಾಹರಣೆಗೆ 'ಕ್ಯೂ ಇರಬೇಕು' ಮತ್ತು 'ಯು ಇರಬಾರದು' ಎಂದು ಎರಡು ಷರತ್ತು ಕೊಡಿ. ಪಕ್ಕದ ಕಾಲಮ್ಮಿನಲ್ಲಿ ಅಕ್ಷರ ಎಣಿಸುವ ಲೆನ್ (LEN) ಸೂತ್ರ ಹಾಕಿದರೆ ಉದ್ದದ ಪ್ರಕಾರವೂ ಸೋಸಬಹುದು. ಪದಗಳನ್ನು ಅಂಟಿಸುವ ಮೊದಲೇ ಕಾಲಮ್ಮನ್ನು ಟೆಕ್ಸ್ಟ್ ಮಾಡಿಡಿ. ಇಲ್ಲದಿದ್ದರೆ 'ಟ್ರೂ', 'ಫಾಲ್ಸ್' ಎಂಬ ಎರಡು ಪದಗಳನ್ನು ಎಕ್ಸೆಲ್ ಪದವೆಂದೇ ಗಣಿಸುವುದಿಲ್ಲ.

ಅಕ್ಷರದ ಜಾಗ ಗೊತ್ತಿದ್ದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಬರೆಯುವ ತಂತ್ರಾಂಶದ ಹುಡುಕಾಟದಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ (ಗುರುತುಗಳಿಂದ ಪದದ ಮಾದರಿ ಹೇಳುವ ವಿಧಾನ) ಆರಿಸಿಕೊಳ್ಳಿ. ಸಾಲಿನ ಆರಂಭಕ್ಕೆ ಕ್ಯಾರೆಟ್ ಗುರುತು (6ರ ಕೀಲಿಯ ಮೇಲಿರುವುದು), ಗೊತ್ತಿಲ್ಲದ ಅಕ್ಷರಕ್ಕೆ ಚುಕ್ಕಿ, ಕೊನೆಗೆ ಡಾಲರ್. ಎರಡನೆಯದು ಐ, ಐದನೆಯದು ಟಿ ಬೇಕಿದ್ದರೆ: ಕ್ಯಾರೆಟ್, ಚುಕ್ಕಿ, ಐ, ಚುಕ್ಕಿ, ಚುಕ್ಕಿ, ಟಿ, ಡಾಲರ್, ನಡುವೆ ಜಾಗ ಬಿಡದೆ.

ನಿಮ್ಮದು 'ಎನೇಬಲ್' ಪಟ್ಟಿಯಾದರೆ ಅದರಲ್ಲಿ ಸುಮಾರು 1,72,000 ಪದಗಳಿವೆ, ಯಾರು ಬೇಕಾದರೂ ಬಳಸಬಹುದು. ಆದರೆ ಹಳೆಯದು, ಮೇಲೆ ಹೇಳಿದ ಕ್ಯೂ-ಐ, ಜೆಡ್-ಎ ಅದರಲ್ಲಿಲ್ಲ. ಇನ್ನು ವಿಂಡೋಸಿನಲ್ಲಿ ಉಳಿಸಿದ ಫೈಲನ್ನು ಲಿನಕ್ಸಿನ ಗ್ರೆಪ್ ಎಂಬ ಹುಡುಕುವ ಆಜ್ಞೆಯಲ್ಲಿ ಹುಡುಕಿ, ಡಾಲರ್ ಹಾಕಿದ್ದಕ್ಕೆ ಒಂದು ಪದವೂ ಬರಲಿಲ್ಲವೆಂದರೆ, ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ. ಡಾಸ್‌ಟುಯುನಿಕ್ಸ್ (dos2unix) ಆಜ್ಞೆ ಕೊಟ್ಟು ಅದನ್ನು ತೆಗೆದು ಮತ್ತೆ ಹುಡುಕಿ.